ಬಣ್ಣ ಆಮೇಲೆ, ಮೊದಲು ತಗಡು ತೋರಿಸಿ ಅನ್ನಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹಳೆ ಕಾರುಗಳ ಬಾಡಿ ಕೆಲಸದ್ದೇ. ಹಾಗಾಗಿ ಪೂರ್ತಿ ಅಂಕಣ ಅದಕ್ಕೇ ಬಿಟ್ಟಿದ್ದೇನೆ. ಎಂಜಿನ್, ಗೇರ್‌ಬಾಕ್ಸ್ ಬಗ್ಗೆ ಬರೆದವರು ದಯವಿಟ್ಟು ಮುಂದಿನ ಸಂಚಿಕೆಯವರೆಗೆ ಕಾಯಿರಿ.

ಪ್ರಶ್ನೆ: ಅಪ್ಪ ಬಿಟ್ಟುಹೋದ ಕಾರು ನಮ್ಮಲ್ಲಿದೆ. 1960ರ ದಶಕದ್ದು. ಎಂಜಿನ್ ಚೆನ್ನಾಗಿದೆ, ಬಾಡಿ ಮಾತ್ರ ಸೋತಿದೆ. ಬಾಗಿಲುಗಳ ಕೆಳಗಿನ ಅಂಚಿನಲ್ಲಿ ಬಣ್ಣ ಗುಳ್ಳೆ ಎದ್ದಿದೆ, ಡಿಕ್ಕಿಯ ತಳದಲ್ಲಿ ತುಕ್ಕು ಕಾಣುತ್ತಿದೆ. ಮೂರು ಕಡೆ ತೋರಿಸಿದೆ. ಒಬ್ಬರು ಹೇಳಿದ ರೇಟಿನ ನಾಲ್ಕು ಪಟ್ಟು ಇನ್ನೊಬ್ಬರು ಹೇಳಿದರು. ಮೂರನೆಯವರು ಹಳೆ ಕಾರು ಮುಟ್ಟುವುದೇ ಇಲ್ಲ ಅಂದರು. ಕೆಲಸ ಗೊತ್ತಿರುವ, ದುಡ್ಡು ಸುಲಿಯದ ಬಾಡಿ ಶಾಪ್ ಹುಡುಕುವುದು ಹೇಗೆ ಸರ್?

ಉತ್ತರ: ಆ ಮೂರನೆಯವರ ಮೇಲೆ ಬೇಜಾರು ಮಾಡಿಕೊಳ್ಳಬೇಡಿ. ಅವರು ನಿಜ ಹೇಳಿದ್ದಾರೆ. ಇವತ್ತಿನ ಬಾಡಿ ಶಾಪ್‌ಗಳು ಹೆಚ್ಚಾಗಿ ನಡೆಯುವುದು ಅಪಘಾತವಾದ ಹೊಸ ಕಾರುಗಳಿಂದ, ಇನ್ಶೂರೆನ್ಸ್ ದುಡ್ಡಿನಿಂದ. ಅಲ್ಲಿ ಮಡ್‌ಗಾರ್ಡ್ ಜಜ್ಜಿಹೋದರೆ ಹೊಸದು ತರಿಸುತ್ತಾರೆ, ಬೋಲ್ಟ್ ಬಿಗಿಯುತ್ತಾರೆ, ಬಣ್ಣ ಹೊಡೆಯುತ್ತಾರೆ, ಕೆಲವೇ ದಿನದಲ್ಲಿ ಕಾರು ಹೊರಗೆ. ನಿಮ್ಮ ಕಾರಿಗೆ ಹೊಸ ಮಡ್‌ಗಾರ್ಡ್ ಸುಲಭವಾಗಿ ಸಿಗುವುದಿಲ್ಲ. ಈಚೆಗೆ ತಯಾರಾದ ನಕಲು ಪ್ಯಾನೆಲ್ ಸಿಕ್ಕರೂ ಬಹಳ ಸಲ ಅದು ನೇರವಾಗಿ ಕೂರುವುದಿಲ್ಲ, ಕತ್ತರಿಸಿ, ಬಡಿದು, ಮತ್ತೆ ಬೆಸೆದು ಹೊಂದಿಸಬೇಕು. ಒಂದು ಹಳೆ ಕಾರು ತಿಂಗಳುಗಟ್ಟಲೆ ಜಾಗ ಹಿಡಿದು ನಿಂತರೆ ಅವರ ದಿನದ ವ್ಯಾಪಾರವೇ ನಿಂತುಹೋಗುತ್ತದೆ. ಅಂಥವರನ್ನು ಒತ್ತಾಯ ಮಾಡಿ ಒಪ್ಪಿಸಿದರೆ ನಿಮ್ಮ ಕಾರು ಮೂಲೆ ಸೇರುತ್ತದೆ, ಅಷ್ಟೇ.

ಈಗ ಆ ನಾಲ್ಕು ಪಟ್ಟಿನ ವಿಷಯ. ಅದು ಒಂದೇ ಕೆಲಸಕ್ಕೆ ಎರಡು ರೇಟು ಅಲ್ಲ, ಎರಡು ಬೇರೆ ಬೇರೆ ಕೆಲಸಗಳ ರೇಟು ಅಂತ ನನಗೆ ಅನ್ನಿಸುತ್ತದೆ. ಬಾಗಿಲ ಕೆಳಗೆ ಗುಳ್ಳೆ ಎದ್ದಿದೆ ಅಂದರೆ ತುಕ್ಕು ಶುರುವಾಗಿದ್ದು ಹೊರಗಿನಿಂದ ಅಲ್ಲ, ಒಳಗಿನಿಂದ. ಗಾಜಿನ ಪಕ್ಕದಿಂದ ಇಳಿದ ನೀರು ಬಾಗಿಲೊಳಗೆ ಹೋಗುತ್ತದೆ, ಕೆಳಗಿನ ತೂತುಗಳು ಧೂಳಿನಿಂದ ಕಟ್ಟಿಕೊಂಡಿದ್ದರೆ ಅಲ್ಲೇ ನಿಲ್ಲುತ್ತದೆ, ತಗಡನ್ನು ಒಳಗಿಂದ ತಿನ್ನುತ್ತದೆ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಜಾಸ್ತಿ ಜಾಗ ಬೇಡುತ್ತದೆ, ಅದಕ್ಕೇ ಬಣ್ಣ ಉಬ್ಬುವುದು. ಹೊರಗೆ ನಿಮಗೆ ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ತಗಡು ಆಗಲೇ ಹೋಗಿರುತ್ತದೆ. ಕಡಿಮೆ ರೇಟು ಹೇಳಿದವರು ಬಹುಶಃ ಆ ಗುಳ್ಳೆ ಉಜ್ಜಿ, ಪುಟ್ಟಿ ತುಂಬಿ, ಬಣ್ಣ ಹೊಡೆಯುವ ಲೆಕ್ಕ ಹಾಕಿದ್ದಾರೆ. ಜಾಸ್ತಿ ಹೇಳಿದವರು ಕೊಳೆತ ಭಾಗ ಕತ್ತರಿಸಿ, ಅದೇ ಬಾಗಿನ ಹೊಸ ತುಂಡು ಮಾಡಿ, ಬೆಸೆಯುವ ಲೆಕ್ಕ ಹಾಕಿರಬಹುದು. ಇರಬಹುದು ಅಂದೆ, ಯಾಕೆಂದರೆ ಜಾಸ್ತಿ ಕೇಳಿದವರೆಲ್ಲ ಒಳ್ಳೆ ಕೆಲಸಗಾರರಲ್ಲ. ಹಾಗಾಗಿ ಎಷ್ಟಾಗುತ್ತದೆ ಅಂತ ಕೇಳುವ ಮೊದಲು, ಬಾಗಿಲ ಆ ಗುಳ್ಳೆಯನ್ನೇ ಮುಟ್ಟಿ ತೋರಿಸಿ, ಇಲ್ಲಿ ಏನು ಮಾಡುತ್ತೀರಿ ಅಂತ ಕೇಳಿ. ಆಮೇಲೆ ಸುಮ್ನಿರಿ. ಬಲ್ಲವರು ಅವರಾಗಿಯೇ ಮಾತಾಡುತ್ತಾರೆ. ಎಲ್ಲಿಂದ ಕತ್ತರಿಸಬೇಕಾಗಬಹುದು, ಎಷ್ಟು ದಪ್ಪದ ತಗಡು ಹಾಕುತ್ತೇವೆ, ಒಳಬದಿಗೆ ಏನು ಬಳಿಯುತ್ತೇವೆ ಅಂತ ಹೇಳುತ್ತಾರೆ. ಬಾಗಿಲು ಬಿಚ್ಚಿ ನೋಡದೆ ಪೂರ್ತಿ ಹೇಳಲಾಗುವುದಿಲ್ಲ ಅಂತಲೂ ಹೇಳುತ್ತಾರೆ. ಆ ಕೊನೆಯ ಮಾತು ಕೇಳಿದರೆ ನನಗೆ ಧೈರ್ಯ ಬರುತ್ತದೆ. "ಏನೂ ಚಿಂತೆ ಮಾಡಬೇಡಿ, ಹೊಸದರ ಹಾಗೆ ಮಾಡಿಕೊಡ್ತೀವಿ" ಅನ್ನುವ ಮಾತು ಮಾತ್ರ ಕೇಳಿಸಿದರೆ ಕಾರು ತಿರುಗಿಸಿ.

ಹುಡುಕುವುದು ಎಲ್ಲಿ ಅಂದರೆ, ಬೋರ್ಡ್ ನೋಡಿ ಹುಡುಕಬೇಡಿ. ನಿಮ್ಮದೇ ಮಾಡೆಲ್ ಇಟ್ಟುಕೊಂಡವರನ್ನು ಮೊದಲು ಕೇಳಿ. ಆಮೇಲೆ ಬಾಡಿ ಕೆಲಸ ಮಾಡದ, ಆದರೆ ಅದನ್ನು ದಿನಾ ನೋಡುವ ಜನರನ್ನು ಕೇಳಿ: ಸೀಟು ಹೊಲಿಯುವವರು, ಬಂಪರ್‌ಗೆ ಕ್ರೋಮ್ ಹಾಕುವವರು, ಗಾಜು ಕೂರಿಸುವವರು. ಬಣ್ಣ ಆದ ಮೇಲೆ ಕಾರು ಇವರ ಕೈಗೆ ಬರುತ್ತದೆ. ಯಾರ ಬಾಗಿಲು ನೇರ ಕೂತಿದೆ, ಯಾರ ಕಾರಿಗೆ ಗಾಜಿನ ಬೀಡಿಂಗ್ ಹಾಕುವಾಗ ಪುಟ್ಟಿ ಉದುರುತ್ತದೆ ಅನ್ನುವುದು ಇವರಿಗೆ ಗೊತ್ತು. ಅವರಿಗೆ ಸುಳ್ಳು ಹೇಳುವ ಅಗತ್ಯವೂ ಇಲ್ಲ, ಅಲ್ವಾ?

ಶಾಪಿಗೆ ಹೋದಾಗ ಮುಗಿದ ಕಾರು ತೋರಿಸಲು ಕರೆಯುತ್ತಾರೆ. ನೋಡಿ, ಆದರೆ ಅದರಿಂದ ಏನೂ ತೀರ್ಮಾನ ಮಾಡಬೇಡಿ. ಹೊಸ ಬಣ್ಣ ಯಾವ ಕಾರಿನ ಮೇಲೂ ಮೊದಲ ತಿಂಗಳು ಹೊಳೆಯುತ್ತದೆ. ನೀವು ನೋಡಬೇಕಾದದ್ದು ಅರ್ಧ ಆದ ಕಾರು, ಬಣ್ಣ ತೆಗೆದು ತಗಡು ಬಿಟ್ಟುಕೊಂಡು ನಿಂತ ಕಾರು. ಬೆಸುಗೆ ಸಾಲು ಹೇಗಿದೆ ನೋಡಿ. ಸುತ್ತಲಿನ ತಗಡು ಬಿಸಿಗೆ ಅಲೆಅಲೆಯಾಗಿದ್ದರೆ ಅವಸರದ ಕೈ. ಕಾರಿನ ತಗಡು ಹೆಚ್ಚುಕಡಿಮೆ 1 ಮಿ.ಮೀ. ದಪ್ಪ, ಒಂದೇ ಉಸಿರಿಗೆ ಉದ್ದಕ್ಕೂ ಬೆಸೆದರೆ ಸೊಟ್ಟಗಾಗುತ್ತದೆ. ತಿಳಿದವರು ಅಲ್ಲೊಂದು ಇಲ್ಲೊಂದು ಚುಕ್ಕೆ ಹಾಕಿ, ಆರಲು ಬಿಟ್ಟು, ನಿಧಾನವಾಗಿ ಮುಗಿಸುತ್ತಾರೆ. ಟಿಂಕರಿಂಗ್ ಮಾಡುವವರ ಪಕ್ಕ ಬೇರೆ ಬೇರೆ ಬಾಗಿನ ಸುತ್ತಿಗೆ, ಬಡಿಯುವಾಗ ತಗಡಿನ ಹಿಂದೆ ಆನಿಸಿ ಹಿಡಿಯುವ ಕಬ್ಬಿಣದ ಗಟ್ಟಿ, ಅಂದರೆ ಡಾಲಿ, ಇವೆಯಾ ನೋಡಿ. ಪುಟ್ಟಿ ಡಬ್ಬಗಳೇ ಜಾಸ್ತಿ ಕಂಡರೆ ಅದೂ ಒಂದು ಉತ್ತರ. ಬಿಚ್ಚಿದ ನಟ್ಟು, ಬೋಲ್ಟು, ಕ್ಲಿಪ್ಪುಗಳು ಚೀಟಿ ಅಂಟಿಸಿದ ಚೀಲದಲ್ಲಿವೆಯೋ, ಎಲ್ಲಾ ಒಂದೇ ಡಬ್ಬದಲ್ಲಿವೆಯೋ ನೋಡಿ. ನನ್ನ ಮಟ್ಟಿಗೆ ಬಣ್ಣದ ಬೂತ್ ಎಷ್ಟು ದೊಡ್ಡದಿದೆ ಅನ್ನುವುದಕ್ಕಿಂತ ಆ ಚೀಲಗಳು ದೊಡ್ಡ ಗುರುತು.

ಇನ್ನೊಂದು. ಮೂರು ನಾಲ್ಕು ವರ್ಷದ ಹಿಂದೆ ಮಾಡಿಕೊಟ್ಟ ಕಾರಿನ ಮಾಲೀಕರೊಬ್ಬರನ್ನು ಮಾತಾಡಿಸಬಹುದಾ ಅಂತ ಕೇಳಿ. ತುಕ್ಕು ಮುಚ್ಚಿದ್ದರೆ ಅಷ್ಟರೊಳಗೆ ಹೊರಗೆ ಬಂದಿರುತ್ತದೆ.

ಪ್ರಶ್ನೆ: ಹಳೆ ಕಾರು ಕೊಳ್ಳಲು ಹೊರಟಿದ್ದೇನೆ. ಪುಟ್ಟಿ ಇದೆಯಾ ಅಂತ ತಿಳಿಯಲು ಮ್ಯಾಗ್ನೆಟ್ ಹಿಡಿದು ನೋಡು ಅಂತ ಸ್ನೇಹಿತರು ಹೇಳಿದರು. ನಂಬಬಹುದಾ?

ಉತ್ತರ: ನಂಬಬಹುದು, ಆದರೆ ಸರಿಯಾಗಿ ಹಿಡಿಯಬೇಕು. ಬಲವಾದ ಮ್ಯಾಗ್ನೆಟ್ ಬೇಡ, ಅದು ಪುಟ್ಟಿ ದಾಟಿಯೂ ಅಂಟುತ್ತದೆ. ಫ್ರಿಜ್ ಬಾಗಿಲಿಗೆ ಅಂಟಿಸುವ ತೆಳುವಾದದ್ದು ಸಾಕು. ಬಣ್ಣ ಗೀರದಂತೆ ತೆಳು ಬಟ್ಟೆ ಸುತ್ತಿ. ಎಡಗಡೆ ಬಾಗಿಲ ಕೆಳಗೆ ಹಿಡಿದರೆ ಬಲಗಡೆ ಬಾಗಿಲಲ್ಲೂ ಅದೇ ಜಾಗದಲ್ಲಿ ಹಿಡಿದು ಹೋಲಿಸಿ. ಒಂದು ಕಡೆ ಗಟ್ಟಿಯಾಗಿ ಅಂಟಿ ಇನ್ನೊಂದು ಕಡೆ ಜಾರಿದರೆ ಅಲ್ಲಿ ಏನೋ ಇದೆ. ಪುಟ್ಟಿ ಇದ್ದ ಮಾತ್ರಕ್ಕೆ ಮೋಸ ಅಲ್ಲ, ಅದು ತಪ್ಪು ತಿಳಿವಳಿಕೆ. ತಗಡನ್ನು ಬಡಿದು ನೇರ ಮಾಡಿದ ಮೇಲೆ ಉಳಿದ ಸಣ್ಣ ತಗ್ಗು ಮುಚ್ಚಲು ಒಂದೆರಡು ಮಿ.ಮೀ. ಪುಟ್ಟಿ ಎಲ್ಲರೂ ಹಾಕುತ್ತಾರೆ. 3 ಮಿ.ಮೀ. ದಾಟಿದರೆ ಕೇಳಬೇಕು.

ಮ್ಯಾಗ್ನೆಟ್‌ಗೆ ಸಿಗದ ಕಾರುಗಳೂ ಇವೆ. ಅಮೆರಿಕದ ಸ್ಪೋರ್ಟ್ಸ್ ಕಾರು ಕಾರ್ವೆಟ್‌ನ ಬಾಡಿ 1953ರಲ್ಲಿ ಬಂದಾಗಿನಿಂದ ಫೈಬರ್‌ಗ್ಲಾಸ್. ಹಳೆ ಲ್ಯಾಂಡ್ ರೋವರ್‌ಗಳದ್ದು ಹೆಚ್ಚಿನ ಭಾಗ ಅಲ್ಯೂಮಿನಿಯಂ. ಇನ್ನು ಕೆಲವು ಹಳೆ ಕಾರುಗಳಲ್ಲಿ ಕಾರ್ಖಾನೆಯವರೇ ಎರಡು ತಗಡು ಸೇರುವ ಜಾಗಕ್ಕೆ ಸೀಸ ಕಾಯಿಸಿ ತುಂಬುತ್ತಿದ್ದರು. ಅಲ್ಲಿ ಮ್ಯಾಗ್ನೆಟ್ ಜಾರಿದರೆ ಗಾಬರಿಯಾಗಬೇಡಿ, ಅದು ಹುಟ್ಟಿನಿಂದಲೇ ಬಂದದ್ದು. ಸ್ವಲ್ಪ ಖರ್ಚು ಮಾಡುವ ಹಾಗಿದ್ದರೆ ಬಣ್ಣದ ದಪ್ಪ ಅಳೆಯುವ ಮೀಟರ್ ತೆಗೆದುಕೊಳ್ಳಿ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 200 ಮೈಕ್ರಾನ್ ಒಳಗೆ ಇರುತ್ತದೆ. ಮತ್ತೊಮ್ಮೆ ಬಣ್ಣ ಹೊಡೆದಿದ್ದರೆ ಅದರ ದುಪ್ಪಟ್ಟು ಬರಬಹುದು. 1,000 ಮೈಕ್ರಾನ್ ಅಂದರೆ 1 ಮಿ.ಮೀ. ಅದನ್ನು ದಾಟಿದರೆ ಕೆಳಗೆ ಪುಟ್ಟಿ ಇರುವುದು ಹೆಚ್ಚುಕಡಿಮೆ ಖಂಡಿತ. ಶಾಪಿಂದ ಕಾರು ಬಿಡಿಸಿಕೊಳ್ಳುವ ದಿನವೂ ಇದೇ ಮೀಟರ್ ಜೇಬಿನಲ್ಲಿರಲಿ.

ಪ್ರಶ್ನೆ: ಒಬ್ಬ ಕೆಲಸಗಾರರು ಇಷ್ಟಕ್ಕೆ ಮಾಡಿಕೊಡುತ್ತೇನೆ ಅಂತ ಒಂದೇ ಮೊತ್ತ ಹೇಳುತ್ತಾರೆ. ಇನ್ನೊಬ್ಬರು ಗಂಟೆ ಲೆಕ್ಕ ಅನ್ನುತ್ತಾರೆ. ಅರ್ಧ ದುಡ್ಡು ಮುಂಗಡ ಕೇಳುತ್ತಿದ್ದಾರೆ. ಯಾವುದು ಸರಿ?

ಉತ್ತರ: ಇದಕ್ಕೆ ನನ್ನದೇ ಕಥೆ ಹೇಳುತ್ತೇನೆ. ಬಹಳ ವರ್ಷದ ಹಿಂದೆ ನಾನೂ ಒಂದೇ ಮೊತ್ತಕ್ಕೆ ಒಪ್ಪಿದೆ. ಅರ್ಧ ಮುಂಗಡ ಕೊಟ್ಟೆ, ಚೀಟಿಯ ಮೇಲೆ ಬರೆದದ್ದು "ತುಕ್ಕು ತೆಗೆದು ಬಣ್ಣ" ಅಂತ ಮೂರೇ ಪದ. ಕಾರು ಬಂದಾಗ ಕಣ್ಣಿಗೆ ಹಬ್ಬ. ಎರಡು ವರ್ಷ ತುಂಬುವಷ್ಟರಲ್ಲಿ ಹಿಂದಿನ ಚಕ್ರದ ಮೇಲೆ, ಮೊದಲು ಎಲ್ಲಿ ಗುಳ್ಳೆ ಇತ್ತೋ ಅದೇ ಜಾಗದಲ್ಲಿ ಮತ್ತೆ ಗುಳ್ಳೆ. ಬೇರೆ ಶಾಪಿನಲ್ಲಿ ಬಿಚ್ಚಿಸಿದರೆ ತೂತಿನ ಹಿಂದೆ ಮಡಚಿದ ನ್ಯೂಸ್‌ಪೇಪರ್, ಅದರ ಮೇಲೆ ಫೈಬರ್ ಹಾಳೆ, ಅದರ ಮೇಲೆ ಪುಟ್ಟಿ. ಕಾಗದ ನೀರು ಹೀರಿಕೊಂಡು ಸುತ್ತಲಿನ ಒಳ್ಳೆ ತಗಡನ್ನೂ ತಿಂದಿತ್ತು. ಎರಡನೇ ಸಲದ ಕೆಲಸ ಮೊದಲ ಸಲದ್ದಕ್ಕಿಂತ ದೊಡ್ಡದಾಯಿತು. ಮೊದಲ ಶಾಪಿನವರ ಮುಂದೆ ಹೋಗಿ ನಿಂತಾಗ, ತುಕ್ಕು ತೆಗೆದಿದ್ದೆವು, ಮತ್ತೆ ಬಂದಿದೆ ಅಂದರು. ಇಲ್ಲ ಅಂತ ತೋರಿಸಲು ನನ್ನ ಹತ್ತಿರ ಒಂದು ಫೋಟೋ ಕೂಡ ಇರಲಿಲ್ಲ.

ಆ ನೋವು ಇವತ್ತಿಗೂ ಇದೆ. ಅದಕ್ಕೇ ಹೇಳುತ್ತೇನೆ, ಒಂದೇ ಮೊತ್ತವಾ ಗಂಟೆ ಲೆಕ್ಕವಾ ಅನ್ನುವುದಕ್ಕಿಂತ ಕೆಲಸವನ್ನು ಹಂತಹಂತವಾಗಿ ಒಡೆದಿದ್ದಾರಾ ಅನ್ನುವುದು ಮುಖ್ಯ. ಬಣ್ಣ ತೆಗೆಯುವ ಮೊದಲು ಯಾರಿಗೂ ಒಳಗೆ ಏನಿದೆ ಗೊತ್ತಿರುವುದಿಲ್ಲ. ಒಂದೇ ಮೊತ್ತ ಹೇಳಿದವರು ಒಂದೋ ಭಯಕ್ಕೆ ಜಾಸ್ತಿ ಸೇರಿಸಿರುತ್ತಾರೆ, ಇಲ್ಲಾ ಅಂದುಕೊಂಡಿದ್ದಕ್ಕಿಂತ ತುಕ್ಕು ಜಾಸ್ತಿ ಕಂಡಾಗ ಅದನ್ನು ಮುಚ್ಚಿಬಿಡುತ್ತಾರೆ. ಗಂಟೆ ಲೆಕ್ಕ ಪ್ರಾಮಾಣಿಕವಾದದ್ದೇ, ಆದರೆ ಅದಕ್ಕೆ ಕಡಿವಾಣ ಬೇಕು. ನಾನು ಈಗ ಮಾಡುವುದು ಹೀಗೆ: ಮೊದಲ ಹಂತ ಬರೀ ಬಿಚ್ಚುವುದು, ಬಣ್ಣ ತೆಗೆಯುವುದು. ಅದಕ್ಕೆ ಒಂದು ಸಣ್ಣ ಮೊತ್ತ. ತಗಡು ಕಂಡ ಮೇಲೆ ನಾನು ಹೋಗುತ್ತೇನೆ, ಇಬ್ಬರೂ ಸೇರಿ ಕಾರಿನ ಸುತ್ತ ನಡೆಯುತ್ತೇವೆ, ಕತ್ತರಿಸಬೇಕಾದ ಕಡೆ ಮಾರ್ಕರ್‌ನಲ್ಲಿ ಗೆರೆ ಹಾಕುತ್ತೇವೆ, ಫೋಟೋ ತೆಗೆಯುತ್ತೇವೆ. ಆಮೇಲೆ ಟಿಂಕರಿಂಗ್‌ನ ಲೆಕ್ಕ. ಪ್ರೈಮರ್ ಹೊಡೆಯುವ ಮೊದಲು ಮತ್ತೊಮ್ಮೆ ನೋಡುತ್ತೇನೆ. ಪ್ರತಿ ಹಂತ ಮುಗಿದ ಮೇಲೆ ಆ ಹಂತದ ದುಡ್ಡು. ಹೇಳಿದ್ದಕ್ಕಿಂತ ಹೆಚ್ಚಿನ ಕೆಲಸ ಬಂದರೆ ನನ್ನನ್ನು ಕೇಳದೆ ಮುಂದುವರಿಯುವಂತಿಲ್ಲ ಅಂತ ಬರೆದಿರುತ್ತದೆ. ಸಾಮಾನು ತರಲು ಮುಂಗಡ ಕೊಡುವುದು ಸರಿಯೇ, ಇಡೀ ಕೆಲಸದ ಅರ್ಧ ಕೊಡಬೇಡಿ. ಒಳ್ಳೆ ಕೆಲಸಗಾರರು ಇದಕ್ಕೆ ಬೇಸರ ಮಾಡಿಕೊಳ್ಳುವುದನ್ನು ನಾನು ನೋಡಿಲ್ಲ. ಅವರಿಗೂ ತಮ್ಮ ದುಡಿಮೆ ಯಾರಾದರೂ ಬಣ್ಣ ಮುಚ್ಚುವ ಮೊದಲು ನೋಡಲಿ ಅಂತ ಆಸೆ ಇರುತ್ತದೆ.

ಖರ್ಚು ಇಳಿಸಬೇಕು ಅಂದರೆ ರೇಟಿಗೆ ಚೌಕಾಸಿ ಮಾಡುವುದಕ್ಕಿಂತ ಗಂಟೆಗಳನ್ನು ಕಡಿಮೆ ಮಾಡಿಕೊಡಿ. ಬಿಲ್ಲಿನಲ್ಲಿ ದೊಡ್ಡ ಪಾಲು ಕೈಕೆಲಸದ್ದು, ಅದರಲ್ಲೂ ಉಜ್ಜುವುದು, ನೇರ ಮಾಡುವುದು. ಸ್ಪ್ರೇ ಗನ್ ಹಿಡಿಯುವ ಹೊತ್ತು ಬಹಳ ಕಡಿಮೆ. ಸೀಟು, ಕಾರ್ಪೆಟ್, ಬಂಪರ್, ಲೈಟು, ಕ್ರೋಮ್ ಪಟ್ಟಿ ನೀವೇ ಬಿಚ್ಚಬಹುದು. ಬಿಚ್ಚುವ ಮೊದಲು ಪ್ರತಿಯೊಂದರ ಫೋಟೋ, ಬಿಚ್ಚಿದ ಮೇಲೆ ಚೀಟಿ. ಸಿಗದ ಬಿಡಿಭಾಗ ಹುಡುಕುವ ಅಲೆದಾಟ ನೀವೇ ಮಾಡಿ. ಚಾಸಿ ನಂಬರಿನ ತಗಡು ಮಾತ್ರ ಬಿಚ್ಚಬೇಡಿ, ಬಿಚ್ಚಲು ಬಿಡಲೂಬೇಡಿ. ಮತ್ತೆ ಮನೆಯಲ್ಲೇ ಬಣ್ಣ ಕೆರೆದು ಬರಿ ತಗಡು ಬಿಟ್ಟು ಇಡಬೇಡಿ, ತೇವ ಇರುವ ಗಾಳಿಯಲ್ಲಿ ಕೆಲವೇ ಗಂಟೆಗಳಲ್ಲಿ ತುಕ್ಕಿನ ಪೊರೆ ಕೂರುತ್ತದೆ. ಹಳೆ ಬಣ್ಣದಲ್ಲಿ ಸೀಸ ಇರಬಹುದು, ಅದರ ಒಣ ಧೂಳು ಮಕ್ಕಳಿರುವ ಮನೆಗೆ ಒಳ್ಳೆಯದಲ್ಲ.

ಪ್ರಶ್ನೆ: ಸ್ಯಾಂಡ್ ಬ್ಲಾಸ್ಟಿಂಗ್, ಅಂದರೆ ಮರಳಿನಂಥ ಕಣ ಜೋರಾಗಿ ಊದಿ ಬಣ್ಣ ಕೀಳುವುದು, ಮಾಡಿಸಿ ಪೂರ್ತಿ ಬಣ್ಣ ಒಂದೇ ದಿನದಲ್ಲಿ ತೆಗೆಸೋಣ ಅನ್ನುತ್ತಿದ್ದಾರೆ.

ಉತ್ತರ: ಚಾಸಿಗೆ, ಸಸ್ಪೆನ್ಷನ್ ಭಾಗಗಳಿಗೆ ಮಾಡಿಸಿ. ಬಾನೆಟ್, ರೂಫ್, ಬಾಗಿಲಿಗೆ ಜೋರು ಒತ್ತಡದಲ್ಲಿ ಬೇಡ. ಸಾವಿರಾರು ಕಣಗಳು ಬಡಿದಾಗ ತಗಡಿನ ಮೇಲ್ಮೈ ಹಿಗ್ಗುತ್ತದೆ, ಅಗಲವಾದ ತೆಳು ತಗಡು ಅಲೆಯಾಗುತ್ತದೆ, ಅದನ್ನು ಮತ್ತೆ ನೇರ ಮಾಡುವುದು ಪರಿಣತರಿಗೂ ಕಷ್ಟ. ಅಲ್ಲಿಗೆ ಪೇಂಟ್ ರಿಮೂವರ್ ಹಚ್ಚಿ ಕೈಯಲ್ಲಿ ತೆಗೆಯುವುದೇ ಸುರಕ್ಷಿತ.

ಪ್ರಶ್ನೆ: ಬಾಗಿಲ ಕೆಳಗಿನ ಸಿಲ್ ಎರಡೂ ಕಡೆ ಕತ್ತರಿಸಿ ಹೊಸದು ಹಾಕಬೇಕಂತೆ. ಹಾಗೆ ಮಾಡಿಸಿದ ಪರಿಚಯದವರ ಕಾರಿನಲ್ಲಿ ಈಗ ಬಾಗಿಲೇ ಸರಿಯಾಗಿ ಮುಚ್ಚುತ್ತಿಲ್ಲ. ನಮಗೂ ಹಾಗಾದರೆ?

ಉತ್ತರ: ನಿಮ್ಮ ಭಯ ಸರಿಯಾಗಿದೆ. ಮೊದಲು ನಿಮ್ಮ ಕಾರಿಗೆ ಬೇರೆ ಚಾಸಿ ಇದೆಯಾ, ಇಲ್ಲ ಬಾಡಿಯೇ ಚಾಸಿಯಾ ಅಂತ ತಿಳಿದುಕೊಳ್ಳಿ. ಹಿಂದಿನ ಕಾಲದ ಕಾರುಗಳಲ್ಲಿ ಕೆಳಗೆ ಗಟ್ಟಿ ಚೌಕಟ್ಟು, ಅದರ ಮೇಲೆ ಬಾಡಿ ಕೂರಿಸಿ ಬೋಲ್ಟ್ ಹಾಕುತ್ತಿದ್ದರು. ಸಿಟ್ರೊಯೆನ್ 1934ರಲ್ಲಿ ತಂದ ಟ್ರಾಕ್ಷನ್ ಆವಾಂ, 1959ರ ಮಿನಿ, ಇಂಥ ಕಾರುಗಳಲ್ಲಿ ಆ ಚೌಕಟ್ಟೇ ಇಲ್ಲ. ತಗಡಿನ ಪೆಟ್ಟಿಗೆಯೇ ಭಾರ ಹೊರುತ್ತದೆ. ಅಂಥ ಕಾರಿನಲ್ಲಿ ಸಿಲ್ ಅಂದರೆ ಅಲಂಕಾರದ ಪಟ್ಟಿ ಅಲ್ಲ, ಮನೆಯ ತೊಲೆ ಇದ್ದ ಹಾಗೆ. ಆಸರೆ ಕೊಡದೆ ಕತ್ತರಿಸಿದರೆ ಕಾರು ನಡುವಿನಲ್ಲಿ ಕುಸಿಯುತ್ತದೆ, ಕುಸಿದ ಹಾಗೆಯೇ ಹೊಸ ಸಿಲ್ ಬೆಸೆದರೆ ಆ ಸೊಟ್ಟ ಶಾಶ್ವತ. ನಿಮ್ಮ ಪರಿಚಯದವರ ಕಾರಿಗೆ ಇದೇ ಆಗಿರಬೇಕು.

ಕೆಲಸಗಾರರನ್ನು ಕೇಳಿ: ಕತ್ತರಿಸುವ ಮೊದಲು ಬಾಗಿಲ ಜಾಗಕ್ಕೆ ಅಡ್ಡ ಕಂಬಿ ಬೆಸೆಯುತ್ತೀರಾ? ಎರಡೂ ಕಡೆ ಒಟ್ಟಿಗೆ ಕತ್ತರಿಸುತ್ತೀರಾ, ಒಂದು ಮುಗಿಸಿ ಇನ್ನೊಂದಾ? ಕೊನೆಯ ಬೆಸುಗೆಗೆ ಮೊದಲು ಬಾಗಿಲು ಹಾಕಿ ಸಂದು ನೋಡುತ್ತೀರಾ? ಒಂದು ಕಡೆ ಮುಗಿಸಿಯೇ ಇನ್ನೊಂದಕ್ಕೆ ಕೈ ಹಾಕುವವರು ಬೇಕು. ಸಿಲ್ ಒಳಗೆ ಸಾಮಾನ್ಯವಾಗಿ ಎರಡು ಮೂರು ಪದರ ತಗಡು ಇರುತ್ತದೆ. ಹೊರಗಿನದನ್ನು ಮಾತ್ರ ಬದಲಿಸಿ ಒಳಗಿನ ಕೊಳೆತದ್ದನ್ನು ಬಿಟ್ಟರೆ, ಅಥವಾ ಹಳೆ ತುಕ್ಕಿನ ಮೇಲೇ ಹೊಸ ತಗಡು ಹೊದಿಸಿದರೆ, ಅದು ಕೆಲಸವೇ ಅಲ್ಲ. ಕಾರು ಕೊಡುವ ದಿನ ನಾಲ್ಕೂ ಬಾಗಿಲ ಸಂದನ್ನು ಸ್ಕೇಲ್ ಹಿಡಿದು ಫೋಟೋ ತೆಗೆದುಕೊಳ್ಳಿ. ಇದರಲ್ಲಿ ರಾಜಿ ಬೇಡ, ಯಾಕೆಂದರೆ ಒಳಗೆ ಕೂರುವವರ ಜೀವ ಆ ಪೆಟ್ಟಿಗೆಯ ಮೇಲಿದೆ.

ಪ್ರಶ್ನೆ: ಹಳೆ ಕಾರಿಗೆ ಹಳೆ ಥರದ ಲ್ಯಾಕರ್ ಬಣ್ಣವೇ ಹೊಡೆಸಬೇಕಾ? ಮನೆಯ ಷೆಡ್‌ನಲ್ಲಿ ನಾನೇ ಹೊಡೆದರೆ ಹೇಗೆ?

ಉತ್ತರ: ಕಾರು ಪೂರ್ತಿ ಮೂಲ ಸ್ಥಿತಿಯಲ್ಲಿದ್ದರೆ ಲ್ಯಾಕರ್‌ಗೆ ಅರ್ಥವಿದೆ. ಅದರ ಮೃದುವಾದ ಹೊಳಪು ನನಗೆ ಇಷ್ಟ. ಬೇಗ ಒಣಗುತ್ತದೆ, ಗೀರು ಬಿದ್ದರೆ ಅಲ್ಲಷ್ಟೇ ಸರಿಮಾಡಬಹುದು. ಆದರೆ ಬಹಳ ಕೋಟು ಬೇಕು, ವರ್ಷ ಕಳೆದಂತೆ ಬಿರುಕು ಬಿಡಬಹುದು. ದಿನಾ ಓಡಿಸುವ ಕಾರಿಗೆ ಹಾರ್ಡನರ್ ಬೆರೆಸುವ ಈಗಿನ 2ಕೆ ಬಣ್ಣ ಸಾಕು. ಒಂದೇ ಪದರದ್ದು ಕೇಳಿ, ಮೇಲೆ ದಪ್ಪ ಕ್ಲಿಯರ್ ಕೋಟ್ ಹೊಡೆದರೆ ಹಳೆ ಕಾರಿನ ಮುಖವೇ ಬದಲಾಗುತ್ತದೆ ಅಂತ ನನ್ನ ಅನಿಸಿಕೆ. ಮೂಲ ಬಣ್ಣ ಯಾವುದಿತ್ತು ಅಂತ ತಿಳಿಯಲು ಬಿಸಿಲು ಬೀಳದ ಜಾಗ ನೋಡಿ, ಡ್ಯಾಶ್‌ಬೋರ್ಡ್ ಹಿಂದೆ ಅಥವಾ ಬಾಗಿಲ ಒಳ ಹಲಗೆಯ ಕೆಳಗೆ.

2ಕೆ ಬಣ್ಣವನ್ನು ಮನೆಯಲ್ಲಿ ದಯವಿಟ್ಟು ಹೊಡೆಯಬೇಡಿ. ಅದರ ಹಾರ್ಡನರ್‌ನಲ್ಲಿ ಐಸೋಸಯನೇಟ್ ಇರುತ್ತದೆ. ಉಸಿರಿನ ಜೊತೆ ಒಳಗೆ ಹೋದರೆ ಆಸ್ತಮಾ ತರಬಲ್ಲದು, ಒಮ್ಮೆ ದೇಹ ಅದಕ್ಕೆ ತಿರುಗಿಬಿದ್ದರೆ ಆಮೇಲೆ ಸ್ವಲ್ಪ ಸೋಕಿದರೂ ತೊಂದರೆ. ಧೂಳಿನ ಮಾಸ್ಕ್ ಅದನ್ನು ತಡೆಯುವುದಿಲ್ಲ, ಹೊರಗಿನ ಶುದ್ಧ ಗಾಳಿ ಪೈಪಿನಲ್ಲಿ ಬರುವ ಮಾಸ್ಕೇ ಬೇಕು. ಶಾಪ್ ನೋಡಲು ಹೋದಾಗ ಇದನ್ನೂ ಗಮನಿಸಿ. ಬಣ್ಣ ಹೊಡೆಯುವ ಹುಡುಗನ ಮೂಗಿಗೆ ಬರೀ ಕರವಸ್ತ್ರ ಕಟ್ಟಿಸಿರುವ ಕಡೆ ನಾನಂತೂ ಕಾರು ಬಿಡುವುದಿಲ್ಲ, ರೇಟು ಎಷ್ಟೇ ಕಡಿಮೆ ಇರಲಿ.

ಪ್ರಶ್ನೆ: ಕಾರು ಬಣ್ಣವಾಗಿ ಬಂದಿದೆ. ಈಗ ಏನು ಮಾಡಬೇಕು?

ಉತ್ತರ: ವ್ಯಾಕ್ಸ್ ಹಚ್ಚುವ ಅವಸರ ಬೇಡ. ಬಣ್ಣದೊಳಗಿನ ಥಿನ್ನರ್ ಹೊರಗೆ ಹೋಗಲು ವಾರಗಳು ಬೇಕು, ಎಷ್ಟು ದಿನ ಅಂತ ಬಣ್ಣ ಹೊಡೆದವರನ್ನೇ ಕೇಳಿ. ಬಾಗಿಲು ಮತ್ತು ಸಿಲ್‌ಗಳ ಒಳಗೆ ತುಕ್ಕು ತಡೆಯುವ ಮೇಣ ಊದಿಸಿದ್ದಾರಾ ಕೇಳಿ, ಇಲ್ಲದಿದ್ದರೆ ಈಗಲೇ ಊದಿಸಿ. ಆಮೇಲೆ ಒಂದು ಲೋಟ ನೀರು ತಗೊಂಡು ಬಾಗಿಲ ಗಾಜಿನ ಮೇಲೆ ಹೊರಬದಿಯಿಂದ ನಿಧಾನಕ್ಕೆ ಸುರಿಯಿರಿ. ಕೆಳಗಿನ ಅಂಚಿನ ತೂತುಗಳಿಂದ ಅದು ಹೊರಗೆ ತೊಟ್ಟಿಕ್ಕಬೇಕು. ತೊಟ್ಟಿಕ್ಕದಿದ್ದರೆ ಬಣ್ಣವೋ ಪುಟ್ಟಿ ಧೂಳೋ ಅಲ್ಲಿ ಕಟ್ಟಿದೆ. ತೆಳು ತಂತಿ ತೂರಿಸಿ ಬಿಡಿಸಿ, ಬರಿದಾದ ಅಂಚಿಗೆ ಅದೇ ಮೇಣ ಸ್ವಲ್ಪ ಹಚ್ಚಿ.